ಸುಹಾಸಿನಿ, ಎವರ್‌ಡೇಲ್, ನವನೀತ

ಬಾಣಲೆಯಲ್ಲಿ ಹುಚ್ಚೆಳ್ಳು ಚಟಪಟ ಸಿಡಿಯಲು ಶುರುವಾದ ಮೇಲೆಯೇ ಮಾಲಿನಿ ರಿಪೇರಿಯಿಂದ ಬಂದ ಮಿಕ್ಸಿಯ ಮುಖವನ್ನು ಸರಿಯಾಗಿ ನೋಡಿದ್ದು. ಕಿತ್ತಳೆ ಬಣ್ಣ ಅದೇ. ಮುಂದಿನ ಕಪ್ಪು ಗುಂಡಿ ಅದೇ. ಹೆಸರು ಮಾತ್ರ ಬೇರೆ.

ದುಂಡಗಿನ ಕನ್ನಡದಲ್ಲಿ ‘ಸುಹಾಸಿನಿ’ ಎಂದಿರಬೇಕಾದ ಜಾಗದಲ್ಲಿ, ಇಂಗ್ಲಿಷಿನ ಓರೆ ಅಕ್ಷರಗಳಲ್ಲಿ ‘ಎವರ್‌ಡೇಲ್’ ಎಂದಿತ್ತು.

“ಅಮ್ಮ, ಗಂಗಣ್ಣ ಯಾರ್ದೋ ಮಿಕ್ಸಿ ಕೊಟ್ಟು ಕಳ್ಸಿದಾನೆ.”

ಕರಿಬಸಮ್ಮ ಕೊಬ್ಬರಿ ತುರಿಯುವುದನ್ನು ಬಿಟ್ಟು ಎದ್ದು ಬಂದರು. “ಯಾರ್ದೋ ಹೇಗಾಗುತ್ತೆ? ಜಾರು ನಂದೇ ಅಲ್ವೇನೆ,” ಎಂದು ಸ್ಟೀಲಿನ ಮೇಲೆ ಕೊರೆಸಿದ್ದ ಅಕ್ಷರಗಳ ಮೇಲೆ ಬೆರಳಿಟ್ಟರು. ‘ಕರಿಬಸಮ್ಮ, ಗುಬ್ಬಿ.’

ಜಾರು ತಾಯಿಯದೇ. ಕೆಳಗಿನ ಯಂತ್ರ ಯಾರದೋ. ಆದರೂ ಜಾರು ಅದರ ಮೇಲೆ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತ್ತು. ಮಾಲಿನಿ ಎತ್ತಿದಳು, ತಿರುಗಿಸಿ ಇಟ್ಟಳು. ಟಕ್ಕೆಂದು ಕಚ್ಚಿಕೊಂಡಿತು. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಒಲೆಯ ಮೇಲೆ ಹುಚ್ಚೆಳ್ಳು ಸೀದ ವಾಸನೆ ಬಂದಾಗಲೇ ಅವಳಿಗೆ ಎಚ್ಚರವಾದದ್ದು.

ಮೂವತ್ತು ದಾಟಿದ ಮಾಲಿನಿಗೆ ಆ ಮಿಕ್ಸಿಯೇ ಅನ್ನದ ದಾರಿ. ಮದುವೆ ಮುರಿದು ಗುಬ್ಬಿಗೆ ಮರಳಿದ ಮೇಲೆ ಚಟ್ನಿಪುಡಿ ಮಾಡಿ ತುಮಕೂರಿನ, ಹೆಬ್ಬೂರಿನ ಅಂಗಡಿಗಳಿಗೆ ಹಾಕುತ್ತಿದ್ದಳು. ಹೊಸ ಮಿಕ್ಸಿಗಳಲ್ಲಿ ಪುಡಿ ಬಿಸಿಯಾಗಿ ಎಣ್ಣೆ ಬಿಟ್ಟುಕೊಳ್ಳುತ್ತಿತ್ತು. ತಾಯಿಗೆ ಮದುವೆಯಲ್ಲಿ ತವರಿನವರು ಕೊಟ್ಟ ಸುಹಾಸಿನಿಯಲ್ಲಿ ಮಾತ್ರ ಕುಟ್ಟಿದ ಹಾಗೆ ತರಿತರಿಯಾಗಿ ಬರುತ್ತಿತ್ತು.

ತುಮಕೂರಿನ ರಿಪೇರಿ ಅಂಗಡಿಯ ಗಂಗಣ್ಣ ಫೋನಿನಲ್ಲಿ ಪೇಚಾಡಿಕೊಂಡ. “ಎರಡೂ ಒಂದೇ ತರ ಇದ್ವಮ್ಮ, ಪಕ್ಕಪಕ್ಕ ಇಟ್ಟಿದ್ದೆ. ಕುಣಿಗಲ್‌ನೋರು ಒಬ್ರು ತಗೊಂಡು ಹೋದ್ರು. ನಂಬರ್ ಕೊಡ್ತೀನಿ.”

ಆ ನಂಬರಿಗೆ ಮಾಡಿದಾಗ ಗಂಡಸಿನ ದನಿ.

“ರವೀಶ್ ಅವ್ರಾ? ಗುಬ್ಬಿಯಿಂದ ಮಾಲಿನಿ ಅಂತ. ನಿಮ್ಮ ಮಿಕ್ಸಿ ನಮ್ಮನೇಲಿದೆ.”

“ಇಲ್ವಲ್ಲ. ನಮ್ಮ ಮಿಕ್ಸಿ ಇಲ್ಲೇ ಇದೆ. ಈಗ ತಾನೇ ಚಟ್ನಿ ರುಬ್ಬಿದೆ.”

“ಅದರ ಮೇಲೆ ಏನ್ ಬರ್ದಿದೆ, ಒಂಚೂರು ನೋಡಿ.”

ಚಪ್ಪಲಿ ಸದ್ದು. “ಸು… ಸುಹಾಸಿನಿ,” ಎಂದಿತು ದನಿ, ಯಾರೋ ಹೆಂಗಸನ್ನು ಅನುಮತಿಯಿಲ್ಲದೆ ಮಾತಾಡಿಸಿದ ಸಂಕೋಚದಲ್ಲಿ.

“ಅದು ನಮ್ಮಮ್ಮಂಗೆ ಮದುವೇಲಿ ಕೊಟ್ಟಿದ್ದು. ಅದ್ರಲ್ಲಿ ಚಟ್ನಿ ಮಾಡಿದ್ರಾ?”

“ಮಾಡ್ಬಿಟ್ಟೆ. ಚೆನ್ನಾಗೇ ಆಗಿದೆ ರೀ.”

ಮಾಲಿನಿ ಫೋನನ್ನು ದೂರ ಹಿಡಿದು ನಕ್ಕಳು. ಹಾಗೆ ನಕ್ಕು ಬಹಳ ಕಾಲವಾಗಿತ್ತು ಎಂಬುದು ಅಡುಗೆಮನೆ ಬಾಗಿಲಲ್ಲಿ ನಿಂತ ಕರಿಬಸಮ್ಮನ ಮುಖ ನೋಡಿದಾಗ ಅವಳಿಗೆ ತಿಳಿಯಿತು.

ಭಾನುವಾರ ತುಮಕೂರಿನ ಬಸ್ ಸ್ಟ್ಯಾಂಡ್ ಪಕ್ಕದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಭೇಟಿ. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಮೂಲೆಯ ಟೇಬಲಿನಲ್ಲಿ ಒಬ್ಬ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಅವಳೂ ಎದುರು ಕೂತು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಅವನು ಅವಳ ಮುಖವನ್ನು ನೋಡಿದ. ನೋಡುತ್ತಲೇ ಇದ್ದ. ಅವಳು ಹುಬ್ಬು ಗಂಟಿಕ್ಕುವ ಹೊತ್ತಿಗೆ ಅಂದ: “ತಪ್ಪು ತಿಳ್ಕೋಬೇಡಿ. ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ.”

“ಕನ್ನಡಕ ನೋಡ್ತಿದ್ರಾ?”

“ನಂದು ಕನ್ನಡಕದ ಅಂಗಡಿ. ಕುಣಿಗಲ್‌ನಲ್ಲಿ. ಅಭ್ಯಾಸ ಆಗ್ಹೋಗಿದೆ.” ಒಂದು ಗಳಿಗೆ ತಡೆದು, “ಮೊದಲು ಕನ್ನಡಕ,” ಎಂದು ಸೇರಿಸಿ ನೀರಿನ ಲೋಟದ ಕಡೆ ನೋಡಿದ. ಅವನ ಕಿವಿ ಕೆಂಪಗಾಗಿತ್ತು.

ಎರಡು ಮಿಕ್ಸಿಗಳನ್ನೂ ಟೇಬಲಿನ ಮೇಲಿಟ್ಟರು. ಬೋರಲು ಹಾಕಿದರು. ಅದೇ ತಿರುಪು, ಅದೇ ರಬ್ಬರಿನ ಪಾದ, ತಳದ ಅಚ್ಚಿನಲ್ಲಿ ಅದೇ ಜಾಗದಲ್ಲಿ ಒಂದು ಪುಟ್ಟ ನಕ್ಷತ್ರ. ಇಬ್ಬರ ತಲೆಗಳೂ ಬಾಗಿ ಬಾಗಿ, ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಬಂದವು.

“ಸಾರ್, ಇಡ್ಲಿ ಎಲ್ಲಿಡ್ಲಿ?” ಸಪ್ಲೈಯರ್ ತಟ್ಟೆಗಳನ್ನು ಹಿಡಿದು ನಿಂತಿದ್ದ.

“ನಿಮ್ದು ಕಾಪಿ ಇರ್ಬೇಕು,” ಎಂದಳು ಮಾಲಿನಿ, ಮಿಕ್ಸಿಯನ್ನು ಪಕ್ಕಕ್ಕೆ ಸರಿಸುತ್ತ.

“ನಮ್ದಾ? ನಮ್ಮಮ್ಮ ಬದುಕಿದ್ರೆ ನಿಮ್ಮನ್ನ ಸುಮ್ನೆ ಬಿಡ್ತಿರ್ಲಿಲ್ಲ. ಫಾರಿನ್ ಕಂಪನಿ ಮಿಕ್ಸಿ ಅಂತ ಇಡೀ ಬೀದಿಗೆ ತೋರಿಸ್ತಿದ್ರು.”

ಅವನ ತಾಯಿ ಪುಟ್ಟಗಂಗಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವನೊಬ್ಬನೇ. ಮಿಕ್ಸಿ ನಿಂತುಹೋದಾಗ ಹೊಸದು ತರುವ ಮನಸ್ಸಾಗದೆ ಗಂಗಣ್ಣನ ಹತ್ತಿರ ತಂದಿದ್ದ. “ಬೆಳಿಗ್ಗೆ ಅದರ ಸದ್ದು ಕೇಳಿದ್ರೆ ಮನೇಲಿ ಯಾರೋ ಇದ್ದಾರೆ ಅನ್ಸುತ್ತೆ,” ಎಂದ, ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತ. ಕನಿಕರ ಬೇಡಿದ ದನಿಯಲ್ಲ ಅದು. ಮಾಲಿನಿಗೆ ಆ ದನಿ ಹಿಡಿಸಿತು.

ಮಿಕ್ಸಿಗಳು ಅದಲುಬದಲಾದವು. ಕೆಲಸ ಮುಗಿದಿತ್ತು. ಯಾರೂ ಏಳಲಿಲ್ಲ.

“ಒಂದೇ ಮಿಕ್ಸಿಗೆ ಎರಡು ಹೆಸರು ಯಾಕಿಟ್ರು?” ಎಂದಳು ಅವಳು.

“ಅದೇ ನಂಗೂ ತಲೇಲಿ ಕೊರೀತಿದೆ.”

“ಹುಡುಕೋಣ್ವಾ?”

ಕೇಳಿದ ಮೇಲೆ ತನ್ನ ಬಾಯಿಂದಲೇ ಅದು ಬಂತೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಹೀಗೆ ಶುರುವಾದವು ಅವರ ಭಾನುವಾರಗಳು.

ರವೀಶ್ ಕಣ್ಣು ತೋರಿಸಲು ಬಂದ ಅಜ್ಜಿಯರನ್ನೆಲ್ಲ ವಿಚಾರಿಸುತ್ತಿದ್ದ: “ಅಕ್ಷರ ಕಾಣ್ತಿದೆಯಾ ಅಜ್ಜಿ? ಸರಿ. ನಿಮ್ಮನೇಲಿ ಹಳೇ ಕಿತ್ತಳೆ ಮಿಕ್ಸಿ ಇದೆಯಾ?” ಮಾಲಿನಿ ಅಂಗಡಿಯವರನ್ನು ಕೇಳುತ್ತಿದ್ದಳು. ಸುಳಿವು ಸಿಕ್ಕ ಕಡೆಗೆಲ್ಲ ಹೋಗುತ್ತಿದ್ದರು. ಗುಬ್ಬಿಯ ಸುತ್ತ ಸಿಕ್ಕಿದ್ದೆಲ್ಲ ಸುಹಾಸಿನಿ. ಕುಣಿಗಲ್ ಪೇಟೆಯಲ್ಲಿ ಎಲ್ಲವೂ ಎವರ್‌ಡೇಲ್. ತಿಂಗಳುಗಳು ಉರುಳಿದವು, ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮಾಲಿನಿ ಗಮನಿಸಿದ ಇನ್ನೊಂದು ಸಂಗತಿಯೆಂದರೆ, ಶನಿವಾರ ಸಂಜೆ ತಾನು ಸೀರೆ ಆರಿಸುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತಿದ್ದಳು.

“ಮಿಕ್ಸಿ ನೋಡಕ್ಕೆ ಹೋಗೋಳು ರೇಷ್ಮೆ ಅಂಚಿಂದು ಯಾಕೆ ಉಡ್ತಿದೀಯೆ?” ಎಂದರು ಕರಿಬಸಮ್ಮ ಒಮ್ಮೆ.

“ಬೇರೇದು ಒಣಗಿಲ್ಲ.”

“ಹೂಂ. ಬಿಸಿಲು ಕಮ್ಮಿ ಈಗ.” ಹೊರಗೆ ಬಿಸಿಲು ರಣಗುಡುತ್ತಿತ್ತು.

ಮೂರನೆಯ ಹೆಸರು ಸಿಕ್ಕಿದ್ದು ಹುತ್ರಿದುರ್ಗದಲ್ಲಿ. ಬೆಟ್ಟದ ಬುಡದ ಊರಿನಲ್ಲಿ ಚಿಕ್ಕಮಾರಮ್ಮ ಎಂಬ ಅಜ್ಜಿ ಅಟ್ಟದಿಂದ ಮಿಕ್ಸಿ ಇಳಿಸಿ, ಸೆರಗಿನಿಂದ ಧೂಳು ಒರೆಸಿದರು. ಅದೇ ಕಿತ್ತಳೆ. ಅದೇ ಗುಂಡಿ. ‘ನವನೀತ.’

“ತುಮಕೂರ್‌ನಲ್ಲಿ ತಂದಿದ್ದು ಕಣವ್ವ,” ಎಂದರು ಅಜ್ಜಿ. “ನಮ್ದೇ ಒರಿಜಿನಲ್ಲು. ಮಿಕ್ಕಿದ್ದೆಲ್ಲ ಡೂಪ್ಲಿಕೇಟು, ಬುಡು.”

ಮಾಲಿನಿ ಮತ್ತು ರವೀಶ್ ಒಬ್ಬರನ್ನೊಬ್ಬರು ನೋಡಿದರು. ನಗು ತಡೆಯಲು ಅವನು ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡದ್ದು ಅವಳಿಗೆ ಕಂಡಿತು.

“ನೀವಿಬ್ರೂ ಗಂಡ ಹೆಂಡ್ರಾ?”

“ಇಲ್ಲ ಅಜ್ಜಿ,” ಎಂದ ರವೀಶ್. “ಬರೀ ಮಿಕ್ಸಿ ನೋಡಕ್ಕೆ ಬಂದ್ವಿ.”

“ಬರೀ ಮಿಕ್ಸಿ ನೋಡಕ್ಕೆ ಇಷ್ಟು ದೂರ ಬಂದವ್ರೆ, ಪಾಪ,” ಎಂದು ಅಜ್ಜಿ ಅವರಿಗೆ ಮಜ್ಜಿಗೆ ತರಲು ಎದ್ದರು.

ಮಜ್ಜಿಗೆ ಕುಡಿದು ಕೋಟೆಯ ಮೆಟ್ಟಿಲು ಹತ್ತಿದರು. ಅರ್ಧ ದಾರಿಯಲ್ಲಿ ಬಂಡೆಯ ನೆರಳಿಗೆ ಕೂತಾಗ, ಗಾಳಿಗೆ ಅವಳ ಕನ್ನಡಕ ಮತ್ತೆ ವಾಲಿತು. “ಕೊಡಿ,” ಎಂದು ಕೈ ಚಾಚಿದ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಸ್ವಲ್ಪವೇ ಬಾಗಿಸಿದ. ಕನ್ನಡಕವಿಲ್ಲದೆ ಅವಳಿಗೆ ಅವನ ಮುಖ ಮಸುಕಾಗಿತ್ತು. ಅವನೇ ಅದನ್ನು ಅವಳ ಕಿವಿಗಳ ಮೇಲೆ ಕೂರಿಸಿದಾಗ, ಆ ಮುಖ ಒಮ್ಮೆಗೇ ಸ್ಪಷ್ಟವಾಗಿ, ತೀರ ಹತ್ತಿರವಾಗಿ, ಮೂಡಿತು.

ಆಗ ಅವಳಿಗೆ ಹೇಳಬೇಕು ಅನ್ನಿಸಿತು. ಹೇಳಿದಳು.

“ನನ್ನ ಗಂಡ ಭಾನುಪ್ರಕಾಶ್ ತುಮಕೂರಲ್ಲಿ ಒಂದು ಆಫೀಸ್‌ನಲ್ಲಿದ್ದ. ಕೆಲಸ ಹೋಯ್ತು. ನಂಗೆ ಹೇಳ್ಲಿಲ್ಲ. ದಿನಾ ಬೆಳಿಗ್ಗೆ ಊಟದ ಡಬ್ಬಿ ತಗೊಂಡು ಹೋಗಿ ಪಾರ್ಕಲ್ಲಿ ಕೂತು ಬರ್ತಿದ್ದ. ಸಂಜೆ ಡಬ್ಬಿ ತೊಳೀತಾ ನಾನು ಕೇಳ್ತಿದ್ದೆ, ಇವತ್ತು ಆಫೀಸಲ್ಲಿ ಏನ್ ವಿಶೇಷ ಅಂತ. ಕತೆ ಹೇಳ್ತಿದ್ದ. ಚೆನ್ನಾಗೇ ಹೇಳ್ತಿದ್ದ. ಒಂದು ವರ್ಷ ನಾನು ಅದನ್ನೆಲ್ಲ ನಂಬ್ಕೊಂಡು ನಗ್ತಿದ್ದೆ.”

ರವೀಶ್ ಅವಳ ಕಡೆಗೆ ತಿರುಗಿ ಕೂತ.

“ಕೆಲಸ ಹೋಗಿದ್ದಕ್ಕೆ ನಾನು ಬಿಟ್ಟು ಬರ್ಲಿಲ್ಲ. ನಾನು ನಗ್ತಾ ಇದ್ನಲ್ಲ, ಅದಕ್ಕೆ ಬಂದೆ.”

ಅವನು ತಲೆ ತಗ್ಗಿಸಿ ಬಂಡೆಯ ಮೇಲಿನ ಒಣಹುಲ್ಲನ್ನು ಕೀಳುತ್ತಿದ್ದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ತನ್ನ ನೋವು ಅವನಿಗೆ ತಟ್ಟಿದೆ ಎಂದು ಮಾಲಿನಿ ತಿಳಿದಳು.

ಅದಾದ ಕೆಲವು ವಾರಕ್ಕೆ, ಹೆಬ್ಬೂರಿನ ಅಂಗಡಿಗೆ ಚಟ್ನಿಪುಡಿ ಕೊಡಲು ಹೋದಾಗ, ಅಲ್ಲಿಯ ಯಜಮಾನ ಮಾತಿಗೆ ಮಾತು ಬಂದು ಹೇಳಿದ: “ಹಳೇ ಕಿತ್ತಳೆ ಮಿಕ್ಸಿನಾ? ಅದನ್ನ ಮಾಡ್ತಿದ್ದ ಫ್ಯಾಕ್ಟರೀಲೇ ಇದ್ರಲ್ಲ ನಮ್ಮ ಕದರಮ್ಮ. ಹಾಲಿನ ಡೇರಿ ಹಿಂದಿನ ಮನೆ.”

ಮಾಲಿನಿಗೆ ಭಾನುವಾರದವರೆಗೆ ಕಾಯಲು ಆಗಲಿಲ್ಲ. ಅಲ್ಲಿಂದಲೇ ಹೋದಳು.

ಕದರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಎತ್ತರದ, ಗಟ್ಟಿ ದನಿಯ ಹೆಂಗಸು. ವಿಷಯ ಕೇಳಿ ಮೊರ ಕೆಳಗಿಟ್ಟರು.

“ಓ, ಗುಬ್ಬಿಯೋರು ನೀನೇನಾ? ಕಾದೂ ಕಾದೂ ಸಾಕಾಯ್ತು ನಂಗೆ. ಆವಪ್ಪ ಎಲ್ಲಿ?”

“ಯಾವಪ್ಪ?”

“ಅದೇ, ಕುಣಿಗಲ್ ಕನ್ನಡಕದೋನು. ಶಿವರಾತ್ರಿ ಟೈಮಲ್ಲೇ ಬಂದಿದ್ನಲ್ಲ. ನಾನು ಹೇಳಕ್ಕೆ ಸುರು ಮಾಡಿದ್ರೆ, ಬೇಡ ಕಣಮ್ಮ, ಈಗ್ಲೇ ಹೇಳ್ಬೇಡಿ ಅಂದ. ಗುಬ್ಬಿಯಿಂದ ಒಬ್ರು ಬರ್ಬೇಕು, ಅವ್ರಿಲ್ದೆ ನಾನು ಕೇಳ್ಕೊಳಲ್ಲ ಅಂದ. ಮುಂದಿನ ವಾರ ಕರ್ಕೊಂಡು ಬತ್ತೀನಿ ಅಂದೋನು ಇವತ್ತಿಗೂ ಬಂದಿಲ್ಲ.”

ಮಾಲಿನಿ ಜಗಲಿಯ ಮೇಲೆ ಕೂತುಬಿಟ್ಟಳು. ಶಿವರಾತ್ರಿ ಕಳೆದು ಯುಗಾದಿಯೂ ಕಳೆದಿತ್ತು. ಅಷ್ಟು ಭಾನುವಾರಗಳಲ್ಲಿ ಅವನು ಅವಳನ್ನು ಬೇಡದ ಸುಳಿವಿನ ಹಿಂದೆ ಓಡಾಡಿಸಿದ್ದ. ಹುತ್ರಿದುರ್ಗದ ಬಂಡೆಯ ಮೇಲಿನ ಮೌನದ ಅರ್ಥ ಈಗ ಬೇರೆಯಾಯಿತು. ಅವನಿಗೆ ಆಗಲೇ ಗೊತ್ತಿತ್ತು. ಅವಳು ಡಬ್ಬಿಯ ಕತೆ ಹೇಳುವಾಗ ಗೊತ್ತಿತ್ತು.

“ಹೇಳ್ಲಾ, ಆವಪ್ಪ ಬರ್ಲಾ?” ಎಂದರು ಕದರಮ್ಮ.

“ನಂಗೆ ಹೇಳಿ,” ಎಂದಳು ಮಾಲಿನಿ.

ಕದರಮ್ಮ ಹೇಳಿದ್ದು ಇಷ್ಟು. ತುಮಕೂರಿನ ಆಚೆ ಒಂದು ಸಣ್ಣ ಫ್ಯಾಕ್ಟರಿ. ಮಿಕ್ಸಿ ಒಂದೇ. ಗುಬ್ಬಿಯ ಅಂಗಡಿಯವನು, ಕುಣಿಗಲ್ಲಿನಲ್ಲೂ ಇದೇ ಸಿಗುತ್ತೆ ಅಂದ್ರೆ ನನ್ನ ಹತ್ರ ಯಾರು ಬರ್ತಾರೆ ಎಂದು ತಕರಾರು ತೆಗೆದ. ಕುಣಿಗಲ್ಲಿನವನೂ ಅದನ್ನೇ ಅಂದ. ತುಮಕೂರಿನವನು ಸುಮ್ಮನಿರುತ್ತಾನೆಯೇ? ಫ್ಯಾಕ್ಟರಿ ಯಜಮಾನರು ಒಂದೊಂದು ಊರಿಗೆ ಒಂದೊಂದು ಹೆಸರು ಕೊಟ್ಟರು. ಗುಬ್ಬಿಯಲ್ಲಿ ಮದುವೆಗೆ ಕೊಡುವವರು ಹೆಚ್ಚು, ಮದುಮಗಳು ನಗುನಗುತ್ತಿರಲಿ ಎಂದು ಸುಹಾಸಿನಿ. ಕುಣಿಗಲ್ ಬೆಂಗಳೂರು ರಸ್ತೆಯ ಊರು, ಅಲ್ಲಿಗೆ ಇಂಗ್ಲಿಷ್ ಹೆಸರು. ತುಮಕೂರಿಗೆ ನವನೀತ.

“ಹೆಸ್ರಿನ ತಗಡು ಅಂಟಿಸ್ತಿದ್ದೋಳು ನಾನೇ ಕಣವ್ವ. ಊಟಕ್ಕೆ ಮುಂಚೆ ಸುಹಾಸಿನಿ, ಊಟ ಆದ್ಮೇಲೆ ಎವರ್‌ಡೇಲು. ಒಂದೇ ಗೋಂದು.” ಕದರಮ್ಮ ನಕ್ಕರು. “ನಾವು ಹೆಂಗಸ್ರೆಲ್ಲ ಪಂಥ ಕಟ್ತಿದ್ವಿ, ಇದು ಯಾವ ಮನೆ ಸೇರುತ್ತೋ, ಯಾವ ಪುಣ್ಯಾತ್ಗಿತ್ತಿ ಕೈಗೆ ಬೀಳುತ್ತೋ ಅಂತ. ಒಂದೂ ವಾಪಸ್ ಬರ್ಲಿಲ್ಲವ್ವ. ಯಾವ ಮನೇಗೆ ಹೋಯ್ತು ಅಂತ ತಿಳ್ಕೊಳಾ ಆಸೆ ಇದ್ದೇ ಇತ್ತು. ನೀವಿಬ್ರು ಬಂದ್ರಿ.”

ಎಂಥ ಸರಳ ಉತ್ತರ. ಆದರೆ ಎಂಥ ಚೆಂದದ ಉತ್ತರ ಎಂದು ಮಾಲಿನಿಗೆ ಅನ್ನಿಸಿತು. ತಕ್ಷಣ ಇನ್ನೊಂದು ಯೋಚನೆ ಬಂತು: ರವೀಶನಿಗೆ ಹೇಳಬೇಕು. ಆ ಯೋಚನೆ ಬಂದದ್ದಕ್ಕೇ ಅವಳ ಕಣ್ಣಲ್ಲಿ ನೀರು ತುಂಬಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತನ್ನೊಂದಿಗೆ ತಾನೇ ವಾದ ಮಾಡಿಕೊಂಡಳು. ಅವನು ಉತ್ತರ ಕೇಳಿಸಿಕೊಳ್ಳಲಿಲ್ಲ. ನೀನಿಲ್ಲದೆ ಕೇಳಲ್ಲ ಅಂದಿದ್ದಾನೆ. ಯಾವ ಗಂಡಸು ಹಾಗನ್ನುತ್ತಾನೆ? ಆದರೆ ಮುಚ್ಚಿಟ್ಟಿದ್ದಾನೆ. ಮುಚ್ಚಿಟ್ಟು ನಗಿಸಿದ್ದಾನೆ. ಗುಬ್ಬಿ ಬರುವ ಹೊತ್ತಿಗೆ ತೀರ್ಮಾನವಾಗಿತ್ತು. ಈ ಭಾನುವಾರ ಅವನಾಗಿ ಹೇಳಿದರೆ ಸರಿ. ಹೇಳದಿದ್ದರೆ ಇನ್ನು ಅವನ ಮುಖ ನೋಡುವುದಿಲ್ಲ.

ತಾಯಿಗೆ ಏನನ್ನೂ ಹೇಳಲಿಲ್ಲ. ಕರಿಬಸಮ್ಮ ಅವಳ ಮುಖ ನೋಡಿ, ಕೇಳದೆ, ಕಾಫಿ ಮಾಡಿ ಕೊಟ್ಟರು.

ಆ ಭಾನುವಾರ ಹತ್ತಿ ಸೀರೆ ಉಟ್ಟು ಕುಣಿಗಲ್ಲಿಗೆ ಹೋದಳು. ಕೆರೆ ಏರಿಯ ಮೇಲೆ ನಡೆಯೋಣವೇ ಎಂದ ರವೀಶ್. ಕೆರೆ ತುಂಬಿತ್ತು. ನೀರಿನ ಮೇಲಿಂದ ಬಂದ ಗಾಳಿ ಅವಳ ಸೆರಗನ್ನು ಅವನ ಕಡೆಗೇ ತಳ್ಳುತ್ತಿತ್ತು, ಅವಳು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

ಅವನು ಅಂಗಡಿಗೆ ಬಂದ ಗಿರಾಕಿಯ ಕತೆ ಹೇಳಿದ. ಅವಳು ನಗಲಿಲ್ಲ. ಕುದುರೆ ಫಾರ್ಮಿನ ಮರಿಯೊಂದು ತಪ್ಪಿಸಿಕೊಂಡು ಪೇಟೆಗೆ ನುಗ್ಗಿದ ಕತೆ ಹೇಳಿದ. ಅದಕ್ಕೂ ನಗಲಿಲ್ಲ.

“ಹುಷಾರಿಲ್ವಾ?”

“ಇದೀನಿ. ಹೇಳಿ.”

“ಮುಂದಿನ ಭಾನುವಾರ ತುರುವೇಕೆರೆ ಕಡೆ ಹೋಗೋಣ ಅಂತಿದ್ದೆ. ಅಲ್ಲೊಬ್ರು ಹಳೇ ಎಲೆಕ್ಟ್ರಿಕ್ ಅಂಗಡಿಯೋರು ಇದಾರಂತೆ.”

ಅವಳು ಗಕ್ಕನೆ ನಿಂತಳು. ಅವನೂ ನಿಂತ.

“ಅಲ್ಲಿ ಉತ್ತರ ಸಿಗುತ್ತೆ ಅಂತ ನಿಮಗೆ ಅನ್ಸುತ್ತಾ?” ಎಂದಳು, ಅವನ ಕಣ್ಣನ್ನೇ ನೋಡುತ್ತ.

ದಿನವಿಡೀ ಬೇರೆಯವರ ಕಣ್ಣು ನೋಡುವ ಆ ಮನುಷ್ಯ ಈಗ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳಲಾಗದೆ ನಿಂತ. ಬಿಳಿಯ ಕೊಕ್ಕರೆಯೊಂದು ನೀರಿನಿಂದ ಎದ್ದು ಆಚೆ ದಡಕ್ಕೆ ಹೋಯಿತು.

“ಇಲ್ಲ,” ಎಂದ. “ಸಿಗಲ್ಲ. ಹೇಳ್ಬೇಕಾದೋರು ಹೆಬ್ಬೂರಲ್ಲಿದಾರೆ. ಕದರಮ್ಮ ಅಂತ. ನಂಗೆ ಶಿವರಾತ್ರಿಯಿಂದ ಗೊತ್ತು.”

ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

“ಉತ್ತರ ಗೊತ್ತಿಲ್ಲ. ಕೇಳ್ಲಿಲ್ಲ. ಆದ್ರೆ ಮನೆ ಗೊತ್ತು. ಕರ್ಕೊಂಡು ಹೋದ್ರೆ ಅವತ್ತಿಗೆ ಎಲ್ಲ ಮುಗೀತು, ಆಮೇಲೆ ಯಾವ ನೆಪದಲ್ಲಿ ನಿಮಗೆ ಫೋನ್ ಮಾಡ್ಲಿ ಅಂತ… ಒಂದು ವಾರ ತಡೆಯೋಣ ಅಂದ್ಕೊಂಡೆ. ಅದು ಇಷ್ಟು ವಾರ ಆಯ್ತು. ಹುತ್ರಿದುರ್ಗದಲ್ಲಿ ನೀವು ಹಾಗೆ ಹೇಳಿದ ಮೇಲೆ ಹೇಳೋ ಧೈರ್ಯವೇ ಬರ್ಲಿಲ್ಲ. ತುರುವೇಕೆರೇಲಿ ಯಾರೂ ಇಲ್ಲ ರೀ. ಅದೂ ಸುಳ್ಳು.”

“ಗೊತ್ತು,” ಎಂದಳು ಮಾಲಿನಿ. “ನಾನು ಕದರಮ್ಮನ ಮನೆಗೆ ಹೋಗಿ ಬಂದೆ.”

ಅವನು ಶಿಕ್ಷೆಗೆ ಕಾಯುವವನ ಹಾಗೆ ಕೈ ಕೆಳಗೆ ಬಿಟ್ಟು ನಿಂತ.

“ಇವತ್ತು ನೀವು ಹೇಳದೇ ಇದ್ದಿದ್ರೆ ನಾನು ಹಾಗೇ ಬಸ್ ಹತ್ತಿ ಹೋಗ್ತಿದ್ದೆ. ವಾಪಸ್ ಬರ್ತಿರ್ಲಿಲ್ಲ.” ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ನಂಗೆ ಮತ್ತೆ ಹಾಗೆ ನಗಕ್ಕೆ ಆಗಲ್ಲ ರವೀಶ್. ಒಳ್ಳೇದಕ್ಕೇ ಮುಚ್ಚಿಟ್ಟೆ ಅಂದ್ರೂ ಆಗಲ್ಲ.”

“ಇನ್ನು ಮುಚ್ಚಿಡಲ್ಲ.” ಸ್ವಲ್ಪ ಹೊತ್ತು ನೀರು ನೋಡಿದ. “ಹಾಗಾದ್ರೆ ಇನ್ನೊಂದಿದೆ. ಅದನ್ನೂ ಈಗ್ಲೇ ಹೇಳ್ಬಿಡ್ತೀನಿ.”

“ಏನು?”

“ನೀವಂದ್ರೆ ನಂಗೆ ಇಷ್ಟ. ಜೊತೇಲೇ ಇರ್ಬೇಕು ಅನ್ನೋಷ್ಟು. ಮದುವೆ ಆಗ್ಬೇಕು ಅನ್ನೋಷ್ಟು. ನಮ್ಮ ಕಡೆಯೋರು ಬೇರೆ, ನಿಮ್ಮ ಕಡೆಯೋರು ಬೇರೆ, ಗೊತ್ತು. ನಿಮ್ಮಮ್ಮ ಒಪ್ಪದೇ ಇರಬಹುದು. ನೀವೂ ಒಪ್ಪದೇ ಇರಬಹುದು. ಆದ್ರೆ ಹೇಳ್ದೆ ಇದ್ರೆ ಅದೂ ಮುಚ್ಚಿಟ್ಟ ಹಾಗೇ ಅಲ್ವಾ.”

ಮಾಲಿನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಬೇಗ ಉತ್ತರ ಕೊಡಲು ಅವಳಿಗೆ ಇಷ್ಟವಿರಲಿಲ್ಲ. ಇಷ್ಟು ವಾರ ಅವನು ಅವಳನ್ನು ಕಾಯಿಸಿದ್ದ, ಏರಿಯ ಕೊನೆಯವರೆಗಾದರೂ ಅವನು ಕಾಯಲಿ. ಇಬ್ಬರೂ ಮಾತಿಲ್ಲದೆ ನಡೆದರು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಯಾವಾಗಲೋ ಬಿಚ್ಚಿಕೊಂಡು ಗಾಳಿಗೆ ಅವನ ತೋಳನ್ನು ಮುಟ್ಟಿತು. ಅವಳು ಈ ಸಲ ಎಳೆದುಕೊಳ್ಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ಹೊರಡಲು ನಿಂತಿತ್ತು.

“ಒಂದು ಕೇಳ್ಲಾ?” ಎಂದ ರವೀಶ್, ತಡೆಯಲಾಗದೆ. “ನಂಗೆ ಕೇಳೋ ಹಕ್ಕಿಲ್ಲ, ಗೊತ್ತು. ಆದ್ರೂ… ಯಾಕಂತೆ ಅಷ್ಟು ಹೆಸರು?”

ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. ಅವನ ಮುಖದಲ್ಲಿ ಭಯವಿತ್ತು, ಆಸೆಯಿತ್ತು, ಅವೆರಡನ್ನೂ ಮೀರಿ, ಮಗುವಿನಂಥ ಕುತೂಹಲವಿತ್ತು. ಅವಳಿಗಾಗಿ ಅಷ್ಟು ದಿನ ಅದನ್ನು ಅದುಮಿಟ್ಟುಕೊಂಡಿದ್ದನಲ್ಲ ಎಂದು ನೆನೆದಾಗ, ಉಳಿದಿದ್ದ ಸಿಟ್ಟೂ ಕರಗಿತು.

“ಅಮ್ಮಂಗೂ ಇನ್ನೂ ಹೇಳಿಲ್ಲ,” ಎಂದಳು. “ಎರಡೆರಡು ಸಲ ನನ್ ಕೈಲಿ ಹೇಳಕ್ಕಾಗಲ್ಲ. ಗುಬ್ಬೀಲಿ ಇಬ್ರಿಗೂ ಒಟ್ಟಿಗೇ ಹೇಳ್ತೀನಿ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕಂಡಕ್ಟರ್ ಸೀಟಿ ಊದಿದ.

“ಮದುವೆ ವಿಷಯ ನೀನೇ ಅಮ್ಮನ ಹತ್ರ ಮಾತಾಡು,” ಎಂದಳು ಮಾಲಿನಿ. ‘ನೀನು’ ಎಂದದ್ದು ಇಬ್ಬರಿಗೂ ಕೇಳಿಸಿತು. ಅವಳು ಕಿಟಕಿ ಪಕ್ಕದ ಸೀಟಿಗೆ ಸರಿದು, ಇನ್ನೂ ಕೆಳಗೇ ನಿಂತಿದ್ದವನಿಗೆ ಪಕ್ಕದ ಜಾಗ ತೋರಿಸಿದಳು.

“ಬಾ, ಹತ್ತು. ಬಸ್ ಹೊರಡ್ತಿದೆ.”